ಆದೋನಿಯ ಹಸಿರು ನವಿಲು

ಬಳ್ಳಾರಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಆದೋನಿಗೆ ಹೊರಟೆ. ನಾನು ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ನಮ್ಮ ಶಾಲೆಯ ಗೇಟಿನ ಪಕ್ಕ ಜೀವಂತ ಗಿಡಗಳಿಂದಲೇ ಆನೆ ಮಾಡಿಕೊಡುತ್ತೇನೆಂದು ಗುತ್ತಿಗೆದಾರನೊಬ್ಬ ಬಂದಿದ್ದ. ಆದೋನಿಯ ವೃತ್ತದಲ್ಲಿ ತಾನು ನಿಲ್ಲಿಸಿದ ಗಿಡದ ನವಿಲಿನ ಫೋಟೊ ತೋರಿಸಿ, "ಮೂರು ವರ್ಷ ಆಯ್ತು ಮೇಡಂ, ಒಂದು ಎಲೆ ಬಾಡಿಲ್ಲ" ಅಂದ. ನಮ್ಮ ಕಡೆಯ ಬಿಸಿಲಿಗೆ ಬಾಡದ ಎಲೆ ಯಾವುದು? ಹೂಂ ಅನ್ನುವುದೋ ಬೇಡವೋ ಎಂಬುದನ್ನು ಹೆಡ್‌ಮಾಸ್ಟರು ನನಗೇ ಬಿಟ್ಟಿದ್ದರು. ಅವನಿಗೆ ಹೇಳದೆ ನೋಡಿಬರಲು ಹೊರಟೆ.

ಎರಡೂವರೆ ತಾಸಿನ ದಾರಿ, ಎರಡೂ ಕಡೆ ಹತ್ತಿ ಹೊಲ. ಆದೋನಿ ಬಸ್ ಸ್ಟ್ಯಾಂಡಿನ ಎದುರು ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ವೃತ್ತಕ್ಕೆ ನಡೆದೆ. ಆಗಲೇ ನೆತ್ತಿ ಸುಡುತ್ತಿತ್ತು.

ಆಳೆತ್ತರದ ನವಿಲು. ಕಬ್ಬಿಣದ ಚೌಕಟ್ಟಿನ ತುಂಬ ಸಣ್ಣ ಸಣ್ಣ ಕುಂಡ, ಎಲೆಗಳ ಮೇಲೆ ಧೂಳೇ ಇಲ್ಲ. ಪ್ಲಾಸ್ಟಿಕ್ಕೇ ಇರಬೇಕೆಂದು ಒಂದೆಲೆ ಚಿವುಟಿದೆ. ಉಗುರಿಗೆ ರಸ ಹತ್ತಿತು.

"ಯಾಕ್ರಿ ಚಿವುಟ್ತೀರಿ?" ನೀರಿನ ಪೈಪು ಹಿಡಿದ ಹೆಂಗಸು ಹಿಂದೆ ನಿಂತಿದ್ದಳು. "ಆಫೀಸಿನವ್ರೇನು? ಇಲ್ಲಾ ಗಿಡ ಒಯ್ಯಾಕ ಬಂದೀರೇನು?"

ಬ್ಯಾಗು ತೆರೆದು ತೋರಿಸಿದೆ: ಛತ್ರಿ, ನೀರಿನ ಬಾಟಲಿ. ಬಂದ ಕಾರಣವನ್ನೂ ಹೇಳಿದೆ. ಅವಳ ಹೆಸರು ನರಸಮ್ಮ, ನವಿಲಿಗೆ ನೀರು ಹಾಕುವವಳು. ಬಗ್ಗಿ ನೋಡಿದರೆ ಕುಂಡಗಳೊಳಗೆ ನರ್ಸರಿಯ ಕರಿ ಕವರು ಹಾಗೇ ಇತ್ತು.

"ಇವನ್ನ ಯಾವಾಗ ಇಟ್ಟಿದ್ದು?"

ಅವಳು ಆಚೀಚೆ ನೋಡಿದಳು. "ಮೊನ್ನೆ ಸೋಮವಾರ. ತಿಂಗಳಿಗೊಮ್ಮಿ ಗಾಡಿ ಬರ್ತೈತಿ. ಸತ್ತಾವು ಒಯ್ದು ಹೊಸಾವು ಇಟ್ಟು ಹೋಗ್ತಾರ."

"ಎಲ್ಲವೂ ಸಾಯ್ತಾವಾ?"

ಅವಳು ನವಿಲಿನ ಕಾಲು ತೋರಿಸಿದಳು. ಅಲ್ಲಿ ಒತ್ತಾಗಿ ಹಬ್ಬಿದ ಬೇರೆಯದೇ ಸೊಪ್ಪು, ಗಿಣ್ಣು ಗಿಣ್ಣಿಗೆ ಸಣ್ಣ ಬಿಳಿ ಹೂವು. "ಇದು ನಾ ಹಚ್ಚಿದ್ದು. ಪೊನ್ನಗಂಟಿ. ನಿಮ್ಮ ಕಡಿ ಹೊನಗೊನಿ ಅಂತೀರಲ್ಲ, ಅದೇ. ಕಾಲುವಿ ದಂಡಿಯಿಂದ ತಂದು ಎರಡು ವರ್ಷ ಆತು, ಒಂದೂ ಸತ್ತಿಲ್ಲ. ಕೇಳದೆ ಹಚ್ಚೀನಿ, ಆಫೀಸಿನವ್ರಿಗೆ ಗೊತ್ತಾದ್ರ ಕೆಲಸದಿಂದ ತೆಗೀತಾರ. ಯಾರ ಮುಂದೂ ಅನಬ್ಯಾಡ್ರಿ."

ಶಾಲೆಯಲ್ಲಿ ನೆಡಲು ಒಂದು ಕಡ್ಡಿ ಕೇಳಿದೆ. "ಇಲ್ಲರಿ," ಅಂದಳು. "ಇವತ್ತು ನೀವು, ನಾಳೆ ಊರೆಲ್ಲ."

ಬಸ್ ಸ್ಟ್ಯಾಂಡಿನಿಂದಲೇ ಹೆಡ್‌ಮಾಸ್ಟರಿಗೆ ಫೋನು ಮಾಡಿ ಆನೆ ಬೇಡವೆಂದೆ. ಗಿಡ ತಿಂಗಳೂ ಬಾಳುವುದಿಲ್ಲ ಎಂದಷ್ಟೇ ಹೇಳಿದೆ. ನವಿಲಿನ ಕಾಲಿನ ಸೊಪ್ಪಿನ ಮಾತು ಎತ್ತಲಿಲ್ಲ.

ಬಸ್ಸು ವೃತ್ತ ಸುತ್ತಿ ಹೊರಟಾಗ ಕಿಟಕಿಯಿಂದ ನೋಡಿದೆ. ನರಸಮ್ಮ ಪೈಪು ಕೆಳಗಿಟ್ಟು, ನವಿಲಿನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಗಳನ್ನು ಒಂದೊಂದೇ ಮುಟ್ಟಿ ಎಣಿಸುತ್ತಿದ್ದಳು.