ನೀಲವ್ವನ ಉಡಿ ಅಕ್ಕಿ

ಪುಣೆಗೆ ಬಂದ ಮೇಲೆ ಬೀದಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಒಂದು ಬೈಗುಳ. ಮಳೆ ಆಗಷ್ಟೇ ನಿಂತಿತ್ತು. ತರಕಾರಿ ಚೀಲ ಹಿಡಿದು ಮೇಲ್ಸೇತುವೆಯ ಕೆಳಗೆ ರಸ್ತೆ ದಾಟಲು ಕಾಯುತ್ತಿದ್ದೆ. ರಿಕ್ಷಾವೊಂದು ಗುಂಡಿಯ ನೀರು ಚಿಮ್ಮಿಸಿ ಹೋಯಿತು. ಕಂಬದ ಬುಡದಿಂದ ಹೆಣ್ಣುದನಿಯೊಂದು ಎದ್ದಿತು: “ನಿನ್ನ ಹೆಣಾ ಎತ್ತಲಿ! ಮಂದಿ ಕುಂತಿದ್ದು ಕಾಣಂಗಿಲ್ಲೇನೋ ಮೂಳಾ?”

ನನಗಾದ ಸಂತೋಷ ಹೇಳತೀರದು. ಯಾರೋ ಯಾರಿಗೋ ಶಾಪ ಹಾಕುತ್ತಿದ್ದಾರೆ, ನಾನು ಪ್ರಸಾದ ಸಿಕ್ಕವಳ ಹಾಗೆ ನಗುತ್ತ ನಿಂತಿದ್ದೇನೆ. ಕಾಲಿಗೆ ಬಟ್ಟೆ ಸುತ್ತಿಕೊಂಡ ಹೆಂಗಸು, ಪಕ್ಕದಲ್ಲಿ ಗಂಟು, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯೆಲ್ಲ ನೀರು. ಧಾರವಾಡದಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರ ಬೀಗರು ಯಾರೆಂಬುದರವರೆಗೆ ವಿಚಾರಿಸುವ ಹೆಣ್ಣು ನಾನು. ಅವತ್ತು “ಯಾವೂರವ್ವಾ?” ಎಂಬ ಒಂದು ಮಾತು ಕೇಳಲಿಲ್ಲ. ಸಿಗ್ನಲ್ ಬಿತ್ತು, ದಾಟಿದೆ.

ನಮ್ಮ ಮನೆಯವರಿಗೆ ಇಲ್ಲಿನ ವಿಮಾ ಕಚೇರಿಗೆ ವರ್ಗವಾಗಿ ನಾವು ಬಿಬವೇವಾಡಿಯಲ್ಲಿ ಮನೆ ಹಿಡಿದೆವು. ಮೂರು ಕೋಣೆಯ ಫ್ಲ್ಯಾಟು. ಮೂರನೆಯದು ಮಗಳದ್ದು. ಅವಳು ಮೈಸೂರಿನಲ್ಲಿ ಓದುತ್ತಾಳೆ, ರಜೆಗೆ ಬಂದಾಗ ಮಾತ್ರ ಆ ಕೋಣೆಯ ಫ್ಯಾನು ತಿರುಗುತ್ತದೆ. ಉಳಿದ ದಿನ ಅಲ್ಲಿ ಒಣಗಿದ ಬಟ್ಟೆ ಇರುತ್ತವೆ. ಧಾರವಾಡದಲ್ಲಿ ಮನೆಯ ಬಾಗಿಲು ತೆರೆದೇ ಇರುತ್ತಿತ್ತು, ಮುಚ್ಚಿದರೆ “ಯಾಕ್ರಿ, ಆರಾಮಿಲ್ಲೇನು?” ಎಂದು ಕೇಳುತ್ತಿದ್ದರು. ಇಲ್ಲಿ ಬಾಗಿಲು ತೆರೆದಿಟ್ಟರೆ ಕಾವಲುಗಾರ ಬಂದು ಮುಚ್ಚಿಕೊಳ್ಳಿ ಎನ್ನುತ್ತಾನೆ. ನನಗಿಂತ ಹಿರಿಯ ಸೊಪ್ಪಿನವಳೂ ನನ್ನನ್ನು ‘ತಾಯಿ’ ಎನ್ನುತ್ತಿದ್ದಳು. ಮರಾಠಿಯಲ್ಲಿ ಹಾಗೆಂದರೆ ಅಕ್ಕ ಎಂದು ತಿಳಿಯುವ ತನಕ ನನ್ನ ಕೂದಲು ಇಷ್ಟು ಬೆಳ್ಳಗಾಗಿದೆಯೇ ಎಂದು ಕನ್ನಡಿ ನೋಡಿಕೊಳ್ಳುತ್ತಿದ್ದೆ.

ನಮ್ಮ ಕಟ್ಟಡದಲ್ಲಿ ಒಂದು ಪದ್ಧತಿಯಿದೆ. ಮನೆಗಳು ಪಾಳಿಯ ಮೇಲೆ ಚಪಾತಿ ಮಾಡಿ ಕೊಡಬೇಕು, ಇಲ್ಲಿ ಅದಕ್ಕೆ ಪೋಳಿ ಎನ್ನುತ್ತಾರೆ. ಸಂಸ್ಥೆಯೊಂದರ ವ್ಯಾನು ಬಂದು ಡಬ್ಬಿಗಳನ್ನು ಒಯ್ದು ನಿವಾರಾ ಕೇಂದ್ರಕ್ಕೆ ಮುಟ್ಟಿಸುತ್ತದೆ. ನಿವಾರಾ ಎಂದರೆ ಆಸರೆ, ಮನೆಯಿಲ್ಲದವರು ಇರುವ ಜಾಗ. ನಮ್ಮ ಕಡೆ ಇಂಥವರು ಮಠಕ್ಕೆ ಹೋಗುತ್ತಾರೆ. ಮಠದಲ್ಲಿ ನಿನ್ನ ಹೆಸರೇನೆಂದು ಕೇಳದೆ ಹುಗ್ಗಿ ಬಡಿಸುತ್ತಾರೆ. ಇಲ್ಲಿ ಹೆಸರು, ಊರು, ಬಿಪಿ ಎಲ್ಲ ಕೇಳಿದ ಮೇಲೆ ಊಟ ಕೊಡುತ್ತಾರೆ, ಜೊತೆಗೆ ಸಾಬೂನು, ಚಾದರ, ಹಲ್ಲಿನ ಡಾಕ್ಟರು. ಕಟ್ಟಡ ಪಾಲಿಕೆಯದು, ನಡೆಸುವುದು ಒಂದು ಸಂಸ್ಥೆ, ಔಷಧಿ ತರುವುದು ಇನ್ನೊಂದು, ಆಧಾರ್ ಕಾರ್ಡಿಗೆ ಓಡಾಡುವುದು ಮತ್ತೊಂದು. ಮೊದಮೊದಲು ನನಗೆ ನಗು ಬರುತ್ತಿತ್ತು, ಅನ್ನ ಹಾಕುವುದಕ್ಕೂ ಇಷ್ಟು ಖಾತೆಗಳೇ ಎಂದು.

ನನ್ನ ಚಪಾತಿ ಹಪ್ಪಳಕ್ಕೆ ಹತ್ತಿರ. ಮರ್ಯಾದೆ ಉಳಿಸಿಕೊಳ್ಳಲು ನನ್ನ ಪಾಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟೆ, ಮೇಲೆ ಶೇಂಗಾ ಚಟ್ನಿ. ಮರುದಿನ ಕೇಂದ್ರ ನೋಡಿಕೊಳ್ಳುವ ಸುರೇಖಾತಾಯಿ ನಮ್ಮ ಬಾಗಿಲಿಗೇ ಬಂದರು. “ಹೀ ಭಾಕರೀ ಕೋಣೀ ಕೇಲೀ?” ಎಂದರು, ಈ ರೊಟ್ಟಿ ಮಾಡಿದ್ದು ಯಾರು ಎಂದು. ಕಲ್ಲು ಸಿಕ್ಕಿತೇನೋ ಎಂದು ಹೆದರಿದೆ. ಅವರು ಹೇಳಿದ್ದು ಬೇರೆ. ಕೇಂದ್ರದಲ್ಲಿ ಒಬ್ಬ ಹೆಂಗಸು ಆ ರೊಟ್ಟಿ ತಿನ್ನುತ್ತ ಅತ್ತಳು, ಅವಳಾಡುವ ಕನ್ನಡ ನಮಗೆ ಯಾರಿಗೂ ತಿಳಿಯುವುದಿಲ್ಲ, ನೀವು ಬರುತ್ತೀರಾ?

ಹೋದೆ. ಹಾಲ್‌ನ ಮೂಲೆಯ ಮಂಚದಲ್ಲಿ ಅದೇ ದನಿ, ಅದೇ ಕಾಲು. ಬಟ್ಟೆಯ ಬದಲು ಈಗ ಬಿಳಿ ಬ್ಯಾಂಡೇಜು.

“ಯಾವೂರವ್ವಾ?” ಎಂದೆ, ತಡವಾಗಿ.

ನೀಲವ್ವ ಸಿಂದಗಿ ಕಡೆಯವಳು. ಗಂಡನ ಜೊತೆ ಬಾರಾಮತಿಗೆ ಕಬ್ಬು ಕಡಿಯಲು ಬಂದಿದ್ದಳು. ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಕಾಲಿಗೆ ಬಿತ್ತು. ದೊಡ್ಡ ದವಾಖಾನೆಗೆಂದು ಪುಣೆಗೆ ತಂದು ಬಿಟ್ಟರು. ಕೂಲಿಯವರ ಟೋಳಿ ಮುಂದಿನ ಹೊಲಕ್ಕೆ ಹೋಯಿತು, ಟೋಳಿಯ ಜೊತೆ ಗಂಡನೂ ಹೋದ. “ಬರ್ತೇನಿ ಅಂದಾನ್ರಿ. ಯಾವಾಗ ಅಂತ ಹೇಳಿಲ್ಲ” ಎಂದು ಅವಳು ಹಣೆಯ ಕುಂಕುಮ ಮುಟ್ಟಿಕೊಂಡು ನಕ್ಕಳು.

ಅಂದಿನಿಂದ ಮಧ್ಯಾಹ್ನ ಬಿಡುವಾದಾಗಲೆಲ್ಲ ಹೋಗತೊಡಗಿದೆ. ಸೇವೆ ಎಂದು ನೀವು ಭಾವಿಸಬೇಡಿ. ನನಗೆ ಮಾತು ಬೇಕಿತ್ತು. ಡಾಕ್ಟರು ಹೇಳಿದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳುವುದು, ಅವಳು ಹೇಳಿದ್ದನ್ನು ನನ್ನ ಮುರುಕು ಮರಾಠಿಯಲ್ಲಿ ಸುರೇಖಾತಾಯಿಗೆ ಒಪ್ಪಿಸುವುದು, ಆಮೇಲೆ ಇಬ್ಬರೂ ಕುಳಿತು ಪುಣೆಯವರ ಸಾರಿಗೆ ಬೆಲ್ಲ ಹಾಕುವ ಚಾಳಿಯನ್ನು ಆಡಿಕೊಳ್ಳುವುದು. ಮನೆಗೆ ಬರುವಾಗ ಜೀವ ಹಗುರಾಗಿರುತ್ತಿತ್ತು.

ಒಂದು ದಿನ ಅವಳು ಕೇಳಿದಳು, “ಅಕ್ಕಾರ, ನಿಮ್ಮ ಮನಿ ಯಾವ ಕಡೆ ಬರ್ತದ್ರಿ?”

“ಆ ಕಡೆ” ಎಂದು ಕೈ ಬೀಸಿದೆ. ನಮ್ಮ ಕಟ್ಟಡದ ನೀರಿನ ಟಾಕಿ ಅಲ್ಲಿನ ಕಿಟಕಿಯಿಂದಲೇ ಕಾಣುತ್ತಿತ್ತು. ಬೆರಳು ತೋರಿಸಿದ್ದರೆ ಸಾಕಿತ್ತು. ಅವಳು ಇನ್ನೊಮ್ಮೆಯೂ ಕೇಳಿದಳು, ಆಗಲೂ ಕೈ ಬೀಸಿದೆ. ಬಂದುಬಿಟ್ಟರೆ? ಬಂದು ಆ ಮೂರನೆಯ ಕೋಣೆ ನೋಡಿದರೆ? ಧಾರವಾಡದಲ್ಲಿ ತೆರೆದ ಬಾಗಿಲಿನ ಬಗ್ಗೆ ಅಷ್ಟು ಜಂಬ ಕೊಚ್ಚುವ ನಾನು ಇಲ್ಲಿ ವಿಳಾಸ ಹೇಳಲು ಹೆದರಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಕಾಲು ವಾಸಿಯಾಗುತ್ತ ಬಂದಂತೆ ಸುರೇಖಾತಾಯಿ ಒಂದು ಒಳ್ಳೆಯ ಸುದ್ದಿ ತಂದರು. ಸಂಸ್ಥೆಯವರು ಕಾತ್ರಜ ಕಡೆ ಒಂದು ಅಡುಗೆಮನೆ ನಡೆಸುತ್ತಾರೆ. ಅಲ್ಲಿ ರೊಟ್ಟಿ, ಚಪಾತಿ ಮಾಡುವ ಹೆಂಗಸರಿಗೆ ಸಂಬಳವೂ ಇದೆ, ಇರಲು ಇಬ್ಬರಿಗೊಂದರಂತೆ ಖೋಲಿ, ಎಂದರೆ ಕೋಣೆಯೂ ಇದೆ. ಸಂಕ್ರಾಂತಿ ಮುಗಿದ ಮೇಲೆ ಒಂದು ಜಾಗ ಖಾಲಿಯಾಗುತ್ತದೆ, ನೀಲವ್ವನಿಗೆ ಕೊಡೋಣ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಸಂಬಳ ಎಷ್ಟೆಂದು ಕೇಳಲಿಲ್ಲ.

“ಒಲಿ ಇರ್ತದೇನ್ರಿ ಖೋಲಿಯೊಳಗ?”

“ಇರ್ತದ. ಗ್ಯಾಸಿನ ಒಲಿ.”

“ನಂದ? ನನ್ನ ಕೈಯಾಗ?”

“ನಿಂದ” ಎಂದೆ. ಅವತ್ತೆಲ್ಲ ಅವಳು ಖೋಲಿಯ ಮಾತೇ ಆಡಿದಳು.

ಆಮೇಲೆ ಮಗಳು ರಜೆಗೆ ಬಂದಳು. ಕೋಣೆ ತೆರವು ಮಾಡುವುದು, ತಿರುಗಾಟ, ಅಡುಗೆ ಎಂದು ನಾನು ಕೇಂದ್ರದ ಕಡೆ ತಲೆ ಹಾಕಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಹೇಗೂ ಖೋಲಿಗೆ ಹೋಗುತ್ತಾಳೆ, ಇನ್ನು ನನ್ನ ಓಡಾಟ ಕಡಿಮೆಯಾಗುತ್ತದೆ ಎಂದು ಒಳಗೊಳಗೇ ನಿರಾಳವೂ ಆಗಿತ್ತು. ಸಂಕ್ರಾಂತಿಯ ಮಧ್ಯಾಹ್ನ ಮತ್ತೆ ಹೋದೆ.

ಸಂಕ್ರಾಂತಿಗೆ ಇಲ್ಲಿನ ಹೆಂಗಸರು ಒಬ್ಬರನ್ನೊಬ್ಬರು ಕರೆದು ಅರಿಷಿಣ ಕುಂಕುಮ ಕೊಡುತ್ತಾರೆ, ಜೊತೆಗೆ ಒಂದು ಚಿಕ್ಕ ಉಡುಗೊರೆ. ಅದಕ್ಕೆ ವಾಣ ಎನ್ನುತ್ತಾರೆ. ಆ ದಿನ ಕೇಂದ್ರದ ಹೆಂಗಸರಿಗೆಲ್ಲ ವಾಣವೆಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟೆವು. ನೀಲವ್ವನಿಗೂ ಡಬ್ಬಿಯೇ? ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಕಡೆಯ ಹೆಣ್ಣುಮಗಳು, ತವರಿನಿಂದ ದೂರ ಇದ್ದಾಳೆ, ಅವಳಿಗೆ ನಮ್ಮ ಪದ್ಧತಿಯಂತೆ ಆಗಬೇಕು ಎಂದು ಮನೆಯಿಂದಲೇ ತಯಾರಾಗಿ ಹೋಗಿದ್ದೆ. ಎಲ್ಲರದ್ದೂ ಮುಗಿದ ಮೇಲೆ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ, ಇಳಕಲ್ಲಿನ ಕುಪ್ಪಸದ ಖಣ. ಅವಳು ಸೆರಗು ಒಡ್ಡಿ ತುಂಬಿಸಿಕೊಂಡಳು. ಪದ್ಧತಿಯಂತೆ ಒಂದು ಚಿಟಿಕೆ ಅಕ್ಕಿ ತಿರುಗಿ ತಟ್ಟೆಗೆ ಹಾಕಿದಳು. ಕಣ್ಣು ತುಂಬಿದ್ದವು. ಎದ್ದು ಹೋಗಿ ಹಾಲ್‌ನ ಹೊಸ್ತಿಲಿಗೆ ಹಣೆ ಹಚ್ಚಿದಳು. ಎಷ್ಟು ಭಕ್ತಿ ಇವಳಿಗೆ ಎಂದುಕೊಂಡೆ. ಬೀಗುತ್ತ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಸುರೇಖಾತಾಯಿಯ ಫೋನು. ನೀಲವ್ವ ಇಲ್ಲ, ಗಂಟೂ ಇಲ್ಲ, ಚಾದರ ಮಡಿಚಿಟ್ಟು ಹೋಗಿದ್ದಾಳೆ. “ತಾಯಿ, ತುಮ್ಹೀ ತಿಲಾ ಕಾಹೀ ಬೋಲಲಾತ ಕಾ?” ನೀವು ಅವಳಿಗೆ ಏನಾದರೂ ಅಂದಿರಾ?

ಏನೂ ಅಂದಿಲ್ಲ ಎಂದೆ. ಅದು ಸುಳ್ಳಲ್ಲ.

ಸಂಸ್ಥೆಯ ಕಾರ್ಯಕರ್ತರು ಸೇತುವೆಗಳ ಕೆಳಗೆ, ಸ್ಟ್ಯಾಂಡುಗಳಲ್ಲಿ ಹುಡುಕಿದರು. ಊಟ ಹಾಕುವುದಕ್ಕೆ ಇಷ್ಟು ಖಾತೆಗಳೇ ಎಂದು ನಕ್ಕಿದ್ದೆನಲ್ಲ, ಆ ಎಲ್ಲ ಸಂಸ್ಥೆಗಳ ವಾಟ್ಸಾಪಿನಲ್ಲೂ ನೀಲವ್ವನ ಫೋಟೊ ಓಡಾಡಿತು. ಔಷಧಿಯ ವ್ಯಾನಿನವರು ಅವಳನ್ನು ಕಂಡು ಹೇಳುವಷ್ಟರಲ್ಲಿ ಕಾತ್ರಜದ ಖೋಲಿ ಬೇರೊಬ್ಬ ಹೆಂಗಸಿಗೆ ಹೋಗಿತ್ತು. ಅವಳಿಗೆ ಮಕ್ಕಳಿದ್ದರು, ಅವಳಿಗೂ ಮನೆಯಿರಲಿಲ್ಲ. ತಡೆದಿಡಿ ಎಂದು ಯಾವ ಬಾಯಿಂದ ಹೇಳಲಿ?

ನೀಲವ್ವ ಕಾತ್ರಜದಲ್ಲೇ ಇದ್ದಳು. ಸಾತಾರಾ ಕಡೆಯ ಬಸ್ಸುಗಳು ನಿಲ್ಲುವಲ್ಲಿ, ಒಂದು ಖಾನಾವಳಿಯ ಹಿಂದೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನ ಊರಿಗೆ ಹೋಗುವ ಬಸ್ಸುಗಳು ಅವಳ ಮುಂದೆಯೇ ಹಾದುಹೋಗುತ್ತಿದ್ದವು. ನನ್ನನ್ನು ಕಂಡು ಎದ್ದು ನಿಂತಳು.

“ಯಾಕ ಬಿಟ್ಟು ಬಂದಿ ನೀಲವ್ವಾ?”

“ಬಿಟ್ಟು ಬಂದಿಲ್ಲರಿ ಅಕ್ಕಾರ. ನೀವ ಕಳಿಸಿದ್ರಲ್ಲ?”

“ನಾನು?”

“ಉಡಿ ತುಂಬಿದ್ರಲ್ಲರಿ. ಉಡಿ ತುಂಬಿಸ್ಕೊಂಡ ಹೆಣ್ಣಮಗಳು ಮತ್ತ ಅದ ಮನ್ಯಾಗ ಕುಂತ್ರ ಚಂದ ಕಾಣ್ತದೇನ್ರಿ? ಭಾಳ ದಿನ ನೀವೂ ಬಂದಿರಲಿಲ್ಲ. ಖೋಲಿ ಸಿಗಲಿಲ್ಲ ಅಂತ ಬಾಯಿಬಿಟ್ಟು ಹೇಳಾಕ ಅಕ್ಕಾರಿಗೆ ಮನಸಾಗಿಲ್ಲ, ಅದಕ್ಕ ಹಿಂಗ ಮಾಡ್ಯಾರ ಅಂದ್ಕೊಂಡೆ.”

ಅವಳೇ ನನ್ನನ್ನು ಸಮಾಧಾನ ಮಾಡುವಂತೆ ಹೇಳಿದಳು, “ಸಿಟ್ಟಿಲ್ಲರಿ ನಂಗ. ಗಂಡ ಯಾವಾಗ ಬರ್ತೇನಿ ಅಂತ ಹೇಳದ ಹೋದ. ಟೋಳಿಯವರು ಬಿಟ್ಟು ಹೋದ್ರು. ಪೊಲೀಸರು ಏಳು ಅಂದ್ರು. ಇಷ್ಟು ಮರ್ಯಾದಿಲೆ ನನ್ನ ಯಾರೂ ಕಳಿಸಿದ್ದಿಲ್ಲರಿ.”

‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎನ್ನುತ್ತಾರೆ. ನಾನು ಮಾತೂ ಆಡದೆ ಒಂದು ಮನೆಯನ್ನೂ ಒಲೆಯನ್ನೂ ಕೆಡಿಸಿದ್ದೆ. ಪುಣೆಯ ವಾಣವನ್ನೂ ಧಾರವಾಡದ ಉಡಿಯನ್ನೂ ಕಲಸಿ ಏನೋ ದೊಡ್ಡದು ಮಾಡಿದೆನೆಂದು ಬೀಗಿದ್ದೆ. ಬಂದವಳನ್ನು ಹೊರಡುವಾಗ ತಾನೆ ಉಡಿ ತುಂಬಿ ಕಳಿಸುವುದು? ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನೊಳಗಿನ ಆ ನಿರಾಳವನ್ನು ನೀಲವ್ವ ಸರಿಯಾಗಿಯೇ ಓದಿಕೊಂಡಳೇನೋ ಎಂಬ ಅನುಮಾನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವಳು ಗಂಟು ಬಿಚ್ಚಿ ತೋರಿಸಿದಳು. ಖಣ ಮಡಿಕೆ ಮುರಿಯದೆ ಇತ್ತು. ಕಾಯಿ, ಬೆಲ್ಲ ಹಸಿದಾಗ ತಿಂದಿದ್ದಳು. ಅಕ್ಕಿ ಮಾತ್ರ ಹಾಗೇ ಕಟ್ಟಿಟ್ಟಿದ್ದಳು.

“ಅಕ್ಕಿ ಯಾಕ ಉಳಿಸಿದಿ?”

“ಉಡಿ ಅಕ್ಕಿ ಅಲ್ಲೇನ್ರಿ? ತನ್ನ ಮನಿ ಒಲಿ ಮ್ಯಾಲೆ ಅನ್ನ ಆಗಬೇಕಲ್ಲರಿ ಅದು.”

‘ನಡಿ ನಮ್ಮ ಮನಿಗೆ’ ಎಂದು ಆಗ ಹೇಳಬೇಕಿತ್ತು. ಓದುತ್ತಿರುವ ನೀವೂ ಅದನ್ನೇ ಕಾಯುತ್ತಿದ್ದೀರಿ. “ಸುರೇಖಾತಾಯಿ ಗಾಡಿ ಕಳಸ್ತಾರ, ನಡಿ” ಎಂದೆ. ಅವಳು ಗಂಟು ಕಟ್ಟಿಕೊಂಡು ಬಂದಳು. ಈಗ ಅದೇ ಮೂಲೆಯ ಮಂಚದಲ್ಲಿದ್ದಾಳೆ, ಇನ್ನೊಂದು ಖೋಲಿ ಖಾಲಿಯಾಗುವುದನ್ನು ಕಾಯುತ್ತಿದ್ದಾಳೆ. ಅಕ್ಕಿಯ ಗಂಟು ದಿಂಬಿನ ಪಕ್ಕದಲ್ಲಿದೆ. ಹುಳ ಹಿಡಿಯದಿರಲೆಂದು ಆಗಾಗ ಬಿಸಿಲಿಗೆ ಹರಡುತ್ತಾಳೆ.

ಹೋದ ತಿಂಗಳು ನಾನು ಧಾರವಾಡಕ್ಕೆ ಹೋಗಿದ್ದೆ, ಅಣ್ಣನ ಮನೆಗೆ. ಹೊರಡುವ ದಿನ ವೈನಿ, ಎಂದರೆ ಅತ್ತಿಗೆ, ಮಣೆ ಹಾಕಿ ಉಡಿ ತುಂಬಿದರು. ವರ್ಷವರ್ಷವೂ ತುಂಬಿಸಿಕೊಂಡವಳೇ ನಾನು, ಆದರೆ ಈ ಸಲ ವೈನಿಯ ಕೈಯನ್ನೇ ನೋಡುತ್ತ ಸೆರಗು ಒಡ್ಡಿದೆ. “ಮತ್ತ ಯಾವಾಗ ಬರ್ತೀರಿ?” ಎಂದು ವೈನಿ ಪ್ರೀತಿಯಿಂದಲೇ ಕೇಳಿದರು. ಕೇಳುತ್ತಲೇ ಅಕ್ಕಿ ಹಾಕುತ್ತಿದ್ದರು. ಅಣ್ಣ ಹೊರಗೆ ರಿಕ್ಷಾ ನಿಲ್ಲಿಸಿಕೊಂಡಿದ್ದ. ನಾನು ಹುಟ್ಟಿದ ಮನೆಯ ಹೊಸ್ತಿಲು ದಾಟುವಾಗ, ಇನ್ನೂ ಒಂದು ದಿನ ಇರುತ್ತೇನೆ ಎನ್ನುವ ಹಾಗಿಲ್ಲವಲ್ಲ ಎಂದು ಮೊದಲ ಸಲ ಅಳು ಬಂತು. ಕಾತ್ರಜದಲ್ಲಿ ಬಸ್ಸು ಇಳಿಯುವ ತನಕ ಆ ಗಂಟು ನನ್ನ ಮಡಿಲಲ್ಲೇ ಇತ್ತು.

ಮೊನ್ನೆ ಕೇಂದ್ರಕ್ಕೆ ಹೋದಾಗ ನೀಲವ್ವ ಊರಿನ ಸುದ್ದಿಯೆಲ್ಲ ಕೇಳಿದಳು. ಮಳೆ ಆತೇನ್ರಿ, ಜೋಳ ಹೆಂಗ, ಬಸ್ ಗದ್ದಲ ಇತ್ತೇನ್ರಿ. ಆಮೇಲೆ ಕೇಳಿದಳು, “ತವರಿನ ಉಡಿ ಅಕ್ಕಿ ಅನ್ನಾ ಮಾಡಿದ್ರೇನ್ರಿ?”

“ಮಾಡೀನಿ” ಎಂದೆ. ಬಂದ ಮರುದಿನವೇ ಕುಕ್ಕರಿಗೆ ಇಟ್ಟಿದ್ದೆ. ಎರಡನೆಯ ಸಲ ಬಡಿಸಿಕೊಳ್ಳುವಾಗ ಇವಳ ನೆನಪಾಗಿ ಅನ್ನ ತಿರುಗಿ ಕುಕ್ಕರಿಗೇ ಹಾಕಿದೆ. ಅದನ್ನು ಅವಳಿಗೆ ಹೇಳಲಿಲ್ಲ.

“ಹಂಗಾರ ನಿಮ್ಮ ಮನಿ ಇಲ್ಲೇ ಆತ್ ಬಿಡ್ರಿ ಅಕ್ಕಾರ” ಎಂದು ನೀಲವ್ವ ಸಂತೋಷಪಟ್ಟಳು. ಕಿಟಕಿಯ ಆಚೆ ನಮ್ಮ ಕಟ್ಟಡದ ಟಾಕಿ ಕಾಣುತ್ತಿತ್ತು. ನಮ್ಮ ಮನೆ ಯಾವ ಕಡೆ ಎಂದು ಮಾತ್ರ ಅವಳು ಈ ಸಲ ಕೇಳಲಿಲ್ಲ.