ಯಾರ ಬಲಗಡೆ

ದೇವರಿಲ್ಲ ಎಂದು ನಾನು ತೀರ್ಮಾನಿಸಿದ್ದು ಪಿಯುಸಿ ಓದುವಾಗ. ಆಮೇಲೆ ಆ ವಿಷಯವನ್ನು ಮತ್ತೆ ಬಿಚ್ಚಿ ನೋಡುವ ಅಗತ್ಯ ಕಾಣಲಿಲ್ಲ. ಕೆ.ಆರ್. ನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೆ. ಗುಡಿಯ ಮುಂದೆ ಬಸ್ಸು ನಿಧಾನವಾದಾಗ ಪಕ್ಕದವರು ಕೆನ್ನೆ ಮುಟ್ಟಿಕೊಂಡರೆ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ವಾದಕ್ಕೆ ಬಂದವರನ್ನು ಸುಮ್ಮನೆ ಬಿಟ್ಟವನಲ್ಲ. ಸ್ಟಾಫ್ ರೂಮಿನಲ್ಲಿ ದೇವರ ಪರವಾಗಿ ಮಾತಾಡಿ ನನ್ನನ್ನು ಗೆದ್ದವರು ಒಬ್ಬರೂ ಇರಲಿಲ್ಲ. ಈಗ ಯೋಚಿಸಿದರೆ ಅವರಿಗೆ ಗೆಲ್ಲುವ ಆಸೆಯೇ ಇರಲಿಲ್ಲವೇನೋ. ಟೀ ಮುಗಿಸಿ ಎದ್ದು ಕ್ಲಾಸಿಗೆ ಹೋಗುತ್ತಿದ್ದರು, ನಾನು ಗೆದ್ದೆನೆಂದು ಬೀಗುತ್ತಿದ್ದೆ.

ವಾದಕ್ಕೆ ಸಿಗದಿದ್ದವಳು ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳೂ ಅವಳೇ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿ ಓದಿಸಿದಳು. ಹೊಗೆಸೊಪ್ಪು ಕೊಯ್ಯುವ ದಿನಗಳಲ್ಲಿ ಸೊಪ್ಪಿನ ಅಂಟು ಹಿಡಿದು ಅವಳ ಅಂಗೈ ಕಪ್ಪಗಾಗಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ತನ್ನ ಕೈ ತಾಗಿದರೆ ನನ್ನ ತಟ್ಟೆಯ ಅನ್ನ ಕಹಿಯಾದೀತೆಂದು ಸೌಟಿನಲ್ಲೇ ಬಡಿಸುತ್ತಿದ್ದಳು.

ಅವಳ ಊರಿನ ಅಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಎರಡು ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿನ ವಿಗ್ರಹದ ಎರಡು ಭುಜಕ್ಕೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕಾದು ಕೂರಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಅಮ್ಮನ ಅಪ್ಪಣೆ ಸಿಕ್ಕಿತು, ಎಡಗಡೆಯದು ಬಿದ್ದರೆ ಆ ಕೆಲಸ ಬೇಡ ಎಂದು ಅರ್ಥ. ಹಸು ತರುವುದಕ್ಕೂ ಕೇಳುತ್ತಾರೆ, ಹೆಣ್ಣು ನೋಡಲು ಹೊರಡುವುದಕ್ಕೂ ಕೇಳುತ್ತಾರೆ. ನನ್ನನ್ನು ಕಾಲೇಜಿಗೆ ಸೇರಿಸುವ ಮುಂಚೆಯೂ ಅಕ್ಕ ಕೇಳಿದ್ದಳಂತೆ. ನಾನು ಒಂದು ಸಲವೂ ಒಳಗೆ ಹೋಗಿ ನೋಡಿದವನಲ್ಲ. ಜಗಲಿಯ ಮೇಲೆ ಕೂತು ರೇಗಿಸುತ್ತಿದ್ದೆ.

"ನೀರು ಆರಿದ ಕಡೆ ಹೂ ಬೀಳ್ತದೆ ಕಣಕ್ಕ. ಹೂವಿಗೆ ನಿನ್ನ ಹಸು ಗೊತ್ತಾ?"

"ಆರ್ಲಿ ಬುಡು. ಯಾವ್ ಕಡೆ ಮೊದ್ಲು ಆರ್ಬೇಕು ಅಂತ ಅವ್ಳಿಗೆ ಗೊತ್ತು."

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಹೇಳಲು ಶುರು ಮಾಡುತ್ತಿದ್ದೆ ಕೂಡ. ಅಷ್ಟರಲ್ಲಿ ಅವಳಿಗೆ ಒಲೆಯ ಮೇಲಿನ ಸಾರಿನ ನೆನಪಾಗುತ್ತಿತ್ತು.

ನಾನು ನಿವೃತ್ತನಾದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಭಾವ ಎಷ್ಟೋ ವರ್ಷದ ಹಿಂದೆಯೇ ತೀರಿಕೊಂಡಿದ್ದರು, ಅವಳಿಗೆ ಮಕ್ಕಳಿರಲಿಲ್ಲ. ಮೈಸೂರಿನ ಡಾಕ್ಟರು ಬಿಚ್ಚಿ ಹೇಳಿದರು: ಹಾಗೇ ಬಿಟ್ಟರೆ ಗಡ್ಡೆ ಬೆಳೆಯುತ್ತದೆ, ಆಪರೇಷನ್ ಮಾಡಿದರೆ ಉಳಿಯಬಹುದು, ಆದರೆ ಹೃದಯ ಅಷ್ಟು ಗಟ್ಟಿಯಿಲ್ಲ. ನಾನು ತೂಗಿ ನೋಡಿದೆ, ಮಾಡಿಸುವುದೇ ಸರಿ ಎಂದೆ. ಅಕ್ಕ, "ಅಮ್ಮನ್ನ ಒಂದ್ ಮಾತು ಕೇಳ್ಬುಡ್ತೀನಿ" ಎಂದಳು.

ವಾಪಸು ಬರುವಾಗ ಹುಣಸೂರು ದಾಟುವವರೆಗೂ ಬಸ್ಸಿನಲ್ಲಿ ರೇಗಾಡಿದೆ. ಒದ್ದೆ ಹೂವಿಗೆ ನಿನ್ನ ಪ್ರಾಣ ಒಪ್ಪಿಸುತ್ತೀಯಾ ಎಂದೆ. ಎದುರು ಸೀಟಿನವರು ತಿರುಗಿ ನೋಡಿದರು. ಅಕ್ಕ ಎಲ್ಲ ಕೇಳಿಸಿಕೊಂಡು ಕೊನೆಗೆ, "ನಿಂಗೆ ನಂಬ್ಕೆ ಇಲ್ದಿದ್ರೆ ಬ್ಯಾಡ ಕಣಪ್ಪ. ನಂಗೋಸ್ಕರ ಒಳಿಕ್ಕೆ ಬಂದು ಕೂತ್ಕೊ. ನನ್ ಕಣ್ಗೆ ಪೊರೆ ಬಂದದೆ, ಯಾವ್ ಕಡೆ ಬಿತ್ತು ಅಂತ ನೀನೇ ನೋಡಿ ಯೋಳು" ಎಂದಳು.

ಹೋದೆ. ಮೊದಲ ಸಲ ಆ ಗುಡಿಯ ಒಳಗೆ ಕಾಲಿಟ್ಟೆ. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದು ಕೂತಳು. ಸುಮಾರು ಹೊತ್ತು ಏನೂ ಆಗಲಿಲ್ಲ, ನನಗೆ ಕಾಲು ಜೋಮು ಹಿಡಿಯಿತು. ಆಮೇಲೆ ಒಂದು ಹೂ ಜಾರಿ ಬಿತ್ತು.

"ಯಾವ್ ಕಡೆ?"

"ಬಲಕ್ಕೆ ಕಣಕ್ಕ" ಎಂದೆ. ಸುಳ್ಳು ಹೇಳಲಿಲ್ಲ. ನಾನು ಕೂತಿದ್ದ ಕಡೆಯಿಂದ ಅದು ಬಲವೇ. ಅವಳ ದೇವರ ಮಾತೂ ನನ್ನ ಮಾತೂ ಒಂದೇ ಆಯಿತಲ್ಲ ಎಂದು ಖುಷಿಯೂ ಆಯಿತು. ಪೂಜಾರಿ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಡೆ ಕೈ ಎತ್ತಿ, "ಸಾಕು ಬುಡಪ್ಪ, ನನ್ ತಮ್ಮ ಯೋಳ್ದ" ಎಂದಳು. ತಮ್ಮ ಗುಡಿಗೆ ಬಂದ ಹೆಮ್ಮೆ ಎಂದುಕೊಂಡೆ.

ಆಪರೇಷನ್ ಆದ ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದಳು. ಹೃದಯ ತಡೆಯಲಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ದುಃಖ ಒಂದು ಚೂರೂ ಕಡಿಮೆಯಾಗಲಿಲ್ಲ.

ಅದಾಗಿ ಎಂಟು ತಿಂಗಳ ಮೇಲೆ ಹೆಂಡತಿಯ ತವರಿಗೆ ಹೋಗಿದ್ದೆವು, ಎಚ್.ಡಿ. ಕೋಟೆಯ ಕಡೆ. ಮನೆಯ ಪಾಯ ತೆಗೆಸಲು ಅವರೂ ತಮ್ಮ ದೇವರಲ್ಲಿ ಹೂ ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೂ ನನ್ನ ಎಡಗಡೆ ಬಿತ್ತು. ಎಲ್ಲರೂ "ಬಲಕ್ಕಾಯ್ತು, ಬಲಕ್ಕಾಯ್ತು" ಎಂದು ಕೆನ್ನೆ ಬಡಿದುಕೊಂಡರು. ಎಂಥ ಜನ ಎಂದು ನಗು ಬಂತು.

"ಅದು ಎಡ ಅಲ್ವೇನೇ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

"ನಮ್ ಬಲ ಅಲ್ಲ ಕಣ್ರೀ, ಅಮ್ಮನ ಬಲ. ಅವ್ಳು ನಮ್ ಕಡೆ ಮುಖ ಮಾಡ್ಕೊಂಡು ಕೂತವ್ಳಲ್ವಾ? ಇಷ್ಟು ಗೊತ್ತಿಲ್ವಾ ನಿಮ್ಗೆ?"

ಕನ್ನಡಿಯಲ್ಲಿ ಎಡ ಬಲ ಹೇಗೆ ಅದಲುಬದಲಾಗುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು. ಎದುರು ನಿಂತವರ ಬಲಗೈ ಯಾವುದು ಎಂದು ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಕ್ಕನಿಗೆ ಹೇಳಿದ್ದು ನನ್ನ ಬಲ.

ಆಮೇಲೆ ನನ್ನೊಡನೆ ನಾನೇ ವಾದ ಹೂಡಿದೆ. ಹೂ ಬಿದ್ದದ್ದಕ್ಕೂ ಹೃದಯ ನಿಂತದ್ದಕ್ಕೂ ಸಂಬಂಧವಿಲ್ಲ. ಎಡಕ್ಕೆ ಬಿತ್ತು ಎಂದು ಸರಿಯಾಗಿ ನೋಡಿದ್ದರೂ ಆಪರೇಷನ್ನಿಗೆ ಒಪ್ಪಿಸಲು ನಾನು ಅವಳ ಕಾಲು ಹಿಡಿಯುತ್ತಿದ್ದೆ. ಮಾಡಿಸದಿದ್ದರೂ ಅವಳು ನರಳಿಯೇ ಸಾಯುತ್ತಿದ್ದಳು. ಎಲ್ಲವೂ ಸರಿ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಆದರೆ ಸ್ನಾನ ಮಾಡುವಾಗ, ಪೇಪರ್ ಓದುವಾಗ, ಒಂದೇ ಮಾತು ಬಂದು ಚುಚ್ಚುತ್ತಿತ್ತು. ದೇವರು ಇಲ್ಲದಿರಬಹುದು, ಅಕ್ಕ ಇದ್ದಳಲ್ಲ. ಅವಳು ತನ್ನ ಪ್ರಾಣದ ವಿಷಯ ಒಂದು ಪ್ರಶ್ನೆ ಕೇಳಿದ್ದಳು. ಉತ್ತರ ಓದಿ ಹೇಳು ಎಂದು ನನಗೆ ಕೊಟ್ಟಿದ್ದಳು. ನಾನು ತಪ್ಪು ಓದಿದೆ. ಅವಳ ದೇವರ ಬಲ ಯಾವುದೆಂದು ತಿಳಿದುಕೊಳ್ಳುವಷ್ಟು ಮರ್ಯಾದೆಯನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ.

ತಡೆಯಲಾಗದೆ ಒಂದು ಮಧ್ಯಾಹ್ನ ಅಕ್ಕನ ಊರಿಗೆ ಹೋದೆ. ಪೂಜಾರಿ ಗುಡಿಯ ಮುಂದೆ ಕೂತು ಹಿತ್ತಾಳೆಯ ದೀಪದ ಕಂಬ ಉಜ್ಜುತ್ತಿದ್ದ. ಕ್ಷಮೆ ಕೇಳಲು ಬಂದೆನೋ, ಅದು ನಿಜವಾಗಿಯೂ ಬಲವೇ ಎಂದು ಅವನು ಹೇಳಲಿ ಎಂಬ ಆಸೆಯಿಂದ ಬಂದೆನೋ, ನನಗೇ ಗೊತ್ತಿಲ್ಲ. ಅವತ್ತು ಹೂ ಯಾವ ಕಡೆ ಬಿತ್ತು ಎಂದು ಕೇಳಿದೆ.

"ಎಡಕ್ಕೇ ಮೇಷ್ಟ್ರೇ. ನಾನು ಯೋಳಕ್ಕೋದೆ, ನಿಮ್ಮಕ್ಕಾರು ತಡುದ್ಬುಟ್ರು."

"ಅವಳಿಗೆ ಕಣ್ಣು ಕಾಣ್ತಿರಲಿಲ್ಲವಲ್ಲ. ನಾನು ಹೇಳಿದ್ದನ್ನು ನಂಬಿ ಹೋದಳು."

"ಕಾಣ್ದಿದ್ರೇನು? ಬಲಕ್ಕಾಗಿದ್ರೆ ಆ ಹೂವ ಸೆರಗಿಗೆ ಹಾಕ್ತಿದ್ದೆ. ಅವತ್ತು ಹಾಕ್ನಿಲ್ಲ. ಮದ್ವೆಯಾಗಿ ಬಂದಾಗ್ಲಿಂದ ಹೂ ಕೇಳ್ದೋರು, ಅಷ್ಟು ತಿಳಿಯಕಿಲ್ವಾ?"

ನಾನು ಕಟ್ಟೆಯ ಮೇಲೆ ಕೂತೆ. ಅವನು ಕಂಬವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ.

"ನೀವು ಆಚೆ ಚಪ್ಲಿ ಮೆಟ್ಕತಿದ್ರಿ. ಆಗ ಕೇಳ್ದೆ, ಇದೇನವ್ವ ಇಂಗೆ ಅಂತ. 'ನನ್ ತಮ್ಮ ಸುಳ್ ಯೋಳೋನಲ್ಲ. ಅವ್ನು ಬಲಕ್ಕೆ ಅಂದ್ಮೇಲೆ ಬಲಕ್ಕೇಯ. ಅಮ್ಮನ್ನ ಆಮೇಲೆ ಬಂದು ನಾನು ಒಪ್ಪುಸ್ಕತೀನಿ' ಅಂದ್ರು."