ಬಾಗಿಲಿನ ಕೆಳಗೊಬ್ಬ

ಚಿತ್ರದುರ್ಗದ ಕೋಟೆಬಾಗಿಲಿನ ಬ್ರಿಟಿಷರ ಕಾಲದ ಅಚ್ಚಿನ ಚಿತ್ರವೊಂದನ್ನು ಹಿಡಿದು, ಅದೇ ಕೋನದಿಂದ ಫೋಟೊ ತೆಗೆಯಲು ಆಫೀಸಿನವರು ನನ್ನೊಬ್ಬನನ್ನೇ ಅಟ್ಟಿದ್ದರು. ಬೆಳಗಿನಿಂದ ಯಾರೊಂದಿಗೂ ಮಾತಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬಂದು ನನ್ನ ಕೈಲಿದ್ದ ಚಿತ್ರವನ್ನು ಇಣುಕಿ ನೋಡಿದಳು. ಅದರಲ್ಲಿ ಬಾಗಿಲಿನ ಕೆಳಗೆ ಇರುವೆಯಷ್ಟು ಚಿಕ್ಕ ಮನುಷ್ಯನಿದ್ದ.

"ಇವನ್ಯಾರಪ್ಪ?"

"ಯಾರೂ ಅಲ್ಲಜ್ಜಿ. ಬಾಗಿಲಿನ ಎತ್ತರ ತೋರಿಸೋಕೆ ನಿಲ್ಲಿಸಿರೋದು."

ಅವಳು ಕ್ಯಾಮೆರಾದ ಪರದೆಯನ್ನೂ ನೋಡಿದಳು. "ಪಾಪ! ನಿನ್ ಫೋಟೊದಾಗೆ ಅವನೂ ಇಲ್ಲ, ಬಾಗ್ಲು ಬಿಕೋ ಅಂತೈತೆ. ನೀನೇ ಹೋಗಿ ನಿಂತ್ಕಳಪ್ಪ, ನಾನು ಒತ್ತೀನಿ."

ಹೋಗಿ ನಿಂತೆ. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಗುಂಡಿಯನ್ನು ಅವಳು ಒತ್ತಿದಳು.

ಫೋಟೊ ಕಳಿಸಿದ ಮೇಲೆ, ವರ್ಷಗಳಿಂದ ನನ್ನೆದುರಿನ ಮೇಜಿನಲ್ಲೇ ಕೂರುವ ಸಾಹೇಬರ ಫೋನ್ ಬಂತು.

"ಬಾಗಿಲು ಚೆನ್ನಾಗಿ ಬಂದಿದೆ ಕಣ್ರೀ. ಕೆಳಗೆ ನಿಂತಿರೋನು ಯಾರು?"

"ಯಾರೂ ಅಲ್ಲ ಸಾರ್," ಅಂದೆ, "ಎತ್ತರ ತೋರಿಸೋಕೆ ನಿಲ್ಲಿಸಿದ್ದು."